ಒಂಬತ್ತನೇ ಬಾಡಿಗೆ ಮನೆ

ಏನೇ,

ಕಾಫಿಗೆ ಒಂದು ಲೋಟ ಸಿಗದೆ, ಗಡ್ಡ ಮಾಡಿಕೊಳ್ಳುವ ಮಗ್ಗಿನಲ್ಲೇ ಕುಡಿದು ಹೊರಟಿದ್ದೇನೆ. ಪಾತ್ರೆಯನ್ನೆಲ್ಲ ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬು ಎಂದು ನಿನಗೆ ಹೇಳಿದವರು ಯಾರು? ನಿನ್ನೆ ಏಜೆಂಟ್ ಫೋನಿನಲ್ಲಿ ಹೊಸ ಕ್ಲಬ್ಬಿನ ಮಾತೆತ್ತಿದ, ನಾನು "ಹ್ಞೂಂ, ನೋಡೋಣ" ಅಂದೆ. ಅಷ್ಟು ಕಿವಿಗೆ ಬಿದ್ದದ್ದೇ ತಡ, ನೀನು ಗಂಟುಮೂಟೆ ಕಟ್ಟಲು ಕೂತೆ. ತಪ್ಪು ನಿನ್ನದಲ್ಲ ಬಿಡು. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಫುಟ್‌ಬಾಲ್ ಕ್ಲಬ್, ಒಂಬತ್ತು ಬಾಡಿಗೆ ಮನೆ. ಈ ಅಭ್ಯಾಸ ಮಾಡಿಸಿದವನು ನಾನೇ.

ಐಸ್ ಎಲ್ಲ ನನ್ನ ಮಂಡಿನೋವಿಗೇ ಖಾಲಿಯಾಗಿದೆ, ಟ್ರೇಗೆ ನೀರು ತುಂಬಿಡು. ಶಾಲೆಯಲ್ಲಿ ಟಿ.ಸಿ. ಕೇಳಬೇಡ. ಮಗಳಿಗೆ ಈಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ದಾಳೆ.

ನೀನು ಅವಳನ್ನು ಶಾಲೆಗೆ ಬಿಡಲು ಹೋದಾಗ ಏಜೆಂಟ್‌ಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. "ಇನ್ನೊಂದು ವರ್ಷ ಎಳೀಬಹುದಲ್ಲಪ್ಪಾ. ಮಧ್ಯದಲ್ಲಿ ನಿಂತು ಚೆಂಡು ಅವರಿವರಿಗೆ ಕೊಟ್ರೆ ಸಾಕು" ಅಂದ. ಇಷ್ಟು ವರ್ಷ ಮಾಡಿದ್ದು ಅದನ್ನೇ ತಾನೆ? ಸಾಕಾಗಿದೆ ಅಂದೆ. ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಚೀಟಿ. ಈಗ ಮೈದಾನಕ್ಕೆ ಹೋಗಿ, ಆಟ ಬಿಡುತ್ತೇನೆಂದು ಕೋಚ್‌ಗೂ ಹೇಳಿ ಬರುತ್ತೇನೆ. ಊಟಕ್ಕೆ ಕಾಯುತ್ತಿರು.

ಪಾತ್ರೆ ಬಿಚ್ಚಿಡು. ರಟ್ಟಿನ ಡಬ್ಬಗಳನ್ನು ರದ್ದಿಯವನಿಗೆ ಹಾಕು, ಯಾವಾಗಿನಂತೆ ಮಡಿಚಿ ಮಂಚದ ಕೆಳಗೆ ಸೇರಿಸಬೇಡ.

ನಿಮ್ಮಪ್ಪ ಕೊಟ್ಟ ಗಡಿಯಾರವನ್ನು ಗೋಡೆಗೆ ಹಾಕಿದ್ದೇನೆ. ಎಲ್ಲ ಮನೆಯಲ್ಲೂ "ಹೇಗೂ ಹೋಗೋರು ತಾನೆ" ಅಂತ ಅದನ್ನು ಫ್ರಿಡ್ಜಿನ ಮೇಲೆ ಒರಗಿಸಿಯೇ ಇಟ್ಟಿದ್ದೆವು. ಸ್ವಲ್ಪ ವಾಲಿದೆ, ಬೈಯಬೇಡ. ನನಗೆ ಮೊಳೆ ಹೊಡೆದು ಅಭ್ಯಾಸವಿಲ್ಲ.