ಉಜ್ಜಬಾರದು

ಜೂನ್ 3, ಸೋಮವಾರ
ಆರನೇ ದಿನ. ಬೆಳಿಗ್ಗೆ ಕೀಮೋ ಮಾತ್ರೆ, ಹತ್ತಕ್ಕೆ ರೇಡಿಯೇಷನ್, ಆಮೇಲೆ ವಾಂತಿ. ಥೂ, ಇದೂ ಒಂದು ಬಾಳೇ! ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ಮೇದೋಜೀರಕದ ಗಡ್ಡೆ ರಕ್ತನಾಳಕ್ಕೆ ಸುತ್ತಿಕೊಂಡಿದೆಯಂತೆ, ಆಪರೇಷನ್ ಆಗುವುದಿಲ್ಲ. ಎರಡೂ ಒಟ್ಟಿಗೆ ಕೊಟ್ಟು ಕುಗ್ಗಿಸಿದರೆ ಆಮೇಲೆ ನೋಡಬಹುದು ಅಂದರು ಡಾಕ್ಟರು. ಇಪ್ಪತ್ತೆಂಟು ಸಲ. "ನಡುವೆ ತಪ್ಪಿಸಬೇಡಿ. ಹೊಟ್ಟೆ ಮೇಲಿನ ಗೆರೆ ಅಳಿಸಬೇಡಿ, ಗುರಿ ಇಡೋದು ಅದನ್ನ ನೋಡಿ."

ನೇರಳೆ ಗೆರೆ. ಮೂವತ್ತೊಂದು ವರ್ಷ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದವನ ಹೊಟ್ಟೆಯ ಮೇಲೆ ಕಲೆ!

ಜೂನ್ 7
ಭಾವಮೈದುನ ಬಂದಿದ್ದ. "ಎಲ್ಲಾ ಮನಸ್ಸಲ್ಲೇ ಇರೋದು ಭಾವ." ಮನಸ್ಸಲ್ಲಲ್ಲ ಮಾರಾಯ, ಹೊಟ್ಟೇಲಿದೆ ಅಂದೆ. ತಮ್ಮನಿಗೆ ಹಾಗಂದೆ ಅಂತ ಇವಳು, ನನ್ನ ಹೆಂಡತಿ, ಕಣ್ಣು ಕೆಕ್ಕರಿಸಿದಳು. ಅವನ ಸೆಂಟಿನ ವಾಸನೆಗೆ ಬಕೆಟ್ ಬೇಕಾಯಿತು.

ಜೂನ್ 9, ಭಾನುವಾರ, ಮಧ್ಯಾಹ್ನ
ಕೆಲಸ ಕೆಡಿಸಿದೆ. ವಾಂತಿ ಮೈಮೇಲೆಲ್ಲ. ಅಸಹ್ಯ... ಅಂಗಡಿಯ ಸ್ಪಿರಿಟ್ ತಗೊಂಡು, ಹತ್ತಿಯಲ್ಲಿ, ಅಂಚಿನಿಂದ ಒಳಕ್ಕೆ ಉಜ್ಜಿದೆ — ಕಲೆ ಹರಡಬಾರದಲ್ಲ. ಅಚ್ಚುಕಟ್ಟು ಕೆಲಸ. ನೋಡಿದರೆ ಒಂದು ಗೆರೆಯೂ ಇಲ್ಲ.

"ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದಳು ಇವಳು. ಆಸ್ಪತ್ರೆಗೆ ಹೇಳೋಣ ಅಂದಳು. ಬೇಡ ಅಂದೆ. ಮತ್ತೆ ಸ್ಕ್ಯಾನ್, ಮತ್ತೆ ಕಾಯುವುದು. ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ಪೆನ್ನು ತರಿಸಿದೆ. ದಿನಾ ನೋಡಿದ ಗೆರೆ, ನೆನಪಿನಿಂದಲೇ ಎಳೆದಳು.

ಜೂನ್ 10
ಟೆಕ್ನಿಷಿಯನಮ್ಮ ಬಗ್ಗಿ ನೋಡಿದರು. "ಇದು ನಮ್ಮ ಶಾಯಿ ಅಲ್ಲ. ಯಾರು ಬರೆದಿದ್ದು?"

ನಾನು ಸೀಲಿಂಗ್ ನೋಡಿದೆ. ಅಂಗಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಇವಳು, "ನಾನೇ" ಅಂದಳು.

"ಬೆರಳಗಲ ಪಕ್ಕಕ್ಕೆ ಹೋಗಿದೆಯಲ್ಲಮ್ಮಾ! ಗಡ್ಡೆ ಬಿಟ್ಟು ಕರುಳು ಸುಟ್ಟಿದ್ರೆ?"

ಮೆಷಿನ್ ಹಾಕಲಿಲ್ಲ. ಹೊಸ ಸ್ಕ್ಯಾನ್, ಹೊಸ ಲೆಕ್ಕ, ಮೂರು ದಿನ ಹಾಳು. ಅಳಿಸಿದ್ದು ನಾನು, ಬೈಸಿಕೊಂಡದ್ದು ಅವಳು. ಗಂಡಸಂತೆ ನಾನು! ಹೇಸಿಗೆ.

ಜೂನ್ 13
ಹೊಸ ಗೆರೆ. ಮನೆಗೆ ಬಂದದ್ದೇ ಇವಳು ಅಂಗಿ ಎತ್ತಿಸಿ, ಹೊಕ್ಕುಳ ಕೆಳಗೆ, ನಾಜೂಕು ಬಟ್ಟೆಯ ಚೀಟಿಗೆ ಬರೆಯುವ ಹಾಗೆ ದಪ್ಪಗೆ ಬರೆದಳು: ಉಜ್ಜಬಾರದು. "ಓದಕ್ಕೆ ಬರತ್ತೆ ತಾನೆ?" ಕಚಗುಳಿ. ನಕ್ಕೆ. ನಗುತ್ತಲೇ ವಾಂತಿ.

ಜುಲೈ 8
ಇಪ್ಪತ್ತೆಂಟೂ ಮುಗಿಯಿತು. ಇನ್ನು ತೊಳೆಯಬಹುದಂತೆ. ಗೆರೆ ತೊಳೆದೆ. ವಾರ ವಾರ ಅವಳು ತಿದ್ದಿದ ಅಕ್ಷರ ಹಾಗೇ ಬಿಟ್ಟೆ.

ಆಗಸ್ಟ್ 19
ಸ್ಕ್ಯಾನ್ ಬಂತು. ಗಡ್ಡೆ ಚೂರು ಸಣ್ಣದಾಗಿದೆ. ನಾಳ ಬಿಟ್ಟಿಲ್ಲ. ಆಪರೇಷನ್ ಇಲ್ಲ. ಆ ಮೂರು ದಿನದಿಂದಲೇ ಹೀಗಾಯಿತಾ ಎಂದು ಕೇಳಿದೆ. "ಹಾಗಂತ ಹೇಳಕ್ಕಾಗಲ್ಲ" ಅಂದರು. ಇಲ್ಲ ಅಂತಲೂ ಹೇಳಲಿಲ್ಲ.

ಅಂಗಡಿಯಲ್ಲಿ ಕಲೆ ಹೋಗದ ಇಂಥ ಬಟ್ಟೆಗೆ ಒಂದು ಚೀಟಿ ಚುಚ್ಚಿ ವಾಪಸ್ ಕೊಡುತ್ತಿದ್ದೆವು: ಪ್ರಯತ್ನಿಸಿದ್ದೇವೆ, ಹೋಗಲಿಲ್ಲ. ಇವಳಿಗೆ ಹೇಳಿದೆ, ಅದನ್ನೇ ಬರೆದುಬಿಡು ಅಂತ. ಎದ್ದು ಹೋದಳು. ಒಳಗೆ ಪೆನ್ನು ಹುಡುಕುತ್ತಿದ್ದಾಳೆ, ಡ್ರಾಯರುಗಳ ಸದ್ದು. ಬಂದಳು. ಕಣ್ಣು ಕೆಂಪಗಿದೆ. "ಅಂಗಿ ಎತ್ತಿ" ಅನ್ನುತ್ತಿದ್ದಾಳೆ. ತಣ್ಣಗಿದೆ ಪೆನ್ನು. ಮೊದಲನೇ ಅಕ್ಷರ ಪ್ರ ಅಲ್ಲ, ಉ —