ಅಕ್ಕನ ತೆಂಗಿನಕಾಯಿ ಒಪ್ಪಿಗೆಯಲ್ಲ

ಖಾನಾಪುರದ ಕಾಡುಹೊಳೆಗೆ ಮೂರು ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯಹೊರಟಿರುವ ಮಾನ್ಯ ಯೋಜನಾಧಿಕಾರಿಗಳೇ,

ನಮ್ಮಕ್ಕ ಒಡೆದ ಒಂದು ತೆಂಗಿನಕಾಯಿಯನ್ನು ಇಡೀ ಊರಿನ ಒಪ್ಪಿಗೆಯೆಂದು ವರದಿಗೆ ಸೇರಿಸಿದ್ದೀರಿ. ಅದನ್ನು ಕಿತ್ತುಹಾಕಿ ಎನ್ನಲು ಈ ಪತ್ರ. ನಲವತ್ತು ವರ್ಷ ರಂಗದ ಮೇಲೆ ಗದೆ ಹಿಡಿದು ಗರ್ಜಿಸಿದವನು ನಾನು. ದನಿ ಜೋರಾದರೆ ಕಿವಿ ಮುಚ್ಚಿಕೊಳ್ಳಬೇಡಿ.

ಕಳೆದ ವಾರ ಬೆಳಗಾವಿಯ ಟಿಳಕವಾಡಿಯಲ್ಲಿ ನೀವು ಸಾರ್ವಜನಿಕ ಸಭೆ ನಡೆಸಿದಿರಿ. ಆಹಾ, ಎಂಥ ಪ್ರಯೋಗ! ಫ್ಯಾನು, ಮೈಕು, ಹೂಹಾರ ಎಲ್ಲ ಇದ್ದವು. ಮುಳುಗಲಿರುವ ಜನ ಮಾತ್ರ ಇರಲಿಲ್ಲ. ಎಂಟು ಮೈಲು ನಡೆದು ಬಸ್ಸು ಹಿಡಿಯಬೇಕಾದವರಿಗೆ ಬೆಳಿಗ್ಗೆ ಹತ್ತಕ್ಕೆ ಸಭೆಯಿಟ್ಟ ನಿಮ್ಮ ಜಾಣತನಕ್ಕೆ ಯಾವ ಕಿರೀಟ ತೊಡಿಸಲಿ? ಪರದೆಯ ಮೇಲೊಂದು ಚಿತ್ರ ತೋರಿಸಿ, “ಗ್ರಾಮಸ್ಥರು ಪೂಜೆ ಮಾಡಿ ಯೋಜನೆಯನ್ನು ಸ್ವಾಗತಿಸಿದ್ದಾರೆ” ಎಂದಿರಿ. ಚಪ್ಪಾಳೆಯೋ ಚಪ್ಪಾಳೆ! ಆ ಚಿತ್ರದಲ್ಲಿ ನಿಮ್ಮ ಸರ್ವೆ ಕಲ್ಲಿಗೆ ಕೈಮುಗಿದು ನಿಂತವಳು ನನ್ನ ಒಡಹುಟ್ಟಿದ ಅಕ್ಕ ಸಿದ್ದಕ್ಕ. ಆ ಹೊಳೆದಂಡೆಯಲ್ಲೇ ಕುರಿ ಕಾಯ್ದು ಮಕ್ಕಳನ್ನು ಬೆಳೆಸಿದವಳು.

ಮರುದಿನವೇ ಹೋಗಿ, ಆ ಕಲ್ಲಿನ ಬಳಿಯೇ ನಿಂತು ಅಕ್ಕನನ್ನು ಕೇಳಿದೆ: “ಅಕ್ಕಾ, ಆ ಕಲ್ಲಿಗ್ಯಾಕ ಕಾಯಿ ಒಡದಿ?”

“ಸಾಹೇಬ್ರು ಬಿಳಿ ಬಣ್ಣ ಬಳದು, ಕೆಂಪು ಗೀಟು ಎಳದು ನಿಂದರ್ಸಿ ಹ್ವಾದ್ರಪಾ. ಯಾವ ದೇವ್ರಂತ ಕೇಳಿದ್ರ ನಕ್ಕು ಸುಮ್ನಾದ್ರು. ಬಂದ ದೇವ್ರನ್ನ ಉಪಾಸ ಇಡಾಕ ಆಗತೈತೇನು? ಕಾಯಿ ಒಡಿಯೂವಾಗ ಒಬ್ಬಾಂವ ಫೋಟೊನೂ ಹೊಡ್ಕೊಂಡ.”

ಅದು ನೀರು ನಿಲ್ಲುವ ಮಟ್ಟದ ಗುರುತು, ಅದರ ಕೆಳಗಿನದೆಲ್ಲ ಮುಳುಗುತ್ತದೆ ಎಂದೆ. ಅಕ್ಕ ಕೆಳಗೆ ನೋಡಿದಳು. ಮನೆ, ಕುರಿದೊಡ್ಡಿ, ಗಂಡನನ್ನು ಮಣ್ಣು ಮಾಡಿದ ಜಾಗ, ಎಲ್ಲ ಕೆಳಗೇ ಇದ್ದವು.

“ಹಂಗಾದ್ರ ನೀರನ್ನ ನಾನಽ ಕಾಯಿ ಒಡದು ಕರದೆನೇನೋ ತಮ್ಮಾ?”

ಇಲ್ಲವೆಂದರೆ ನಂಬಲಿಲ್ಲ. ಬಾಜು ಮನೆಯ ಭರಮವ್ವ ಬೇರೆ, “ನಿನ್ನ ಕಾಯಿಗೆ ಸರಕಾರನಽ ಒಲಿದು ಬಂತಲ್ಲವಾ!” ಎಂದು ಚುಚ್ಚಿದಳು. ಅಂದಿನಿಂದ ಅಕ್ಕ ಯಾರಿಗೂ ಮುಖ ತೋರಿಸುತ್ತಿಲ್ಲ.

ಪೂಜೆಯೆಲ್ಲ ಒಪ್ಪಿಗೆಯೇ ಮಾನ್ಯರೇ? ಹುತ್ತಕ್ಕೆ ಹಾಲೆರೆದ ಹೆಂಗಸು ಹಾವಿಗೆ ಕಚ್ಚಲು ಪರವಾನಗಿ ಕೊಟ್ಟಳೇ? ಯಾವ ದೇವರೆಂದು ಕೇಳಿದಾಗ ನಗಲು ನಿಮ್ಮವರಿಗೆ ಬಾಯಿತ್ತು, ನಿಜ ಹೇಳಲು ಇರಲಿಲ್ಲವೇ?

ಆ ಚಿತ್ರವನ್ನು ವರದಿಯಿಂದ ತೆಗೆಯಿರಿ. ಹೊಳೆದಂಡೆಯಲ್ಲೇ ಸಭೆ ಕರೆಯಿರಿ. ಮೊದಲು ಎಲ್ಲರೆದುರು ಅಕ್ಕನಿಗೆ ಹೇಳಿ: ತಪ್ಪು ನಿನ್ನದಲ್ಲ, ಕಲ್ಲೂ ನಮ್ಮದು, ಸುಳ್ಳೂ ನಮ್ಮದು. ನಾನು ಹೇಳಿದರೆ ನಾಟಕದವನ ಮಾತು ಎನ್ನುತ್ತಾಳೆ. ನಿಮ್ಮನ್ನು ನಂಬಿಯಾಳು; ನಿಮ್ಮ ಕಲ್ಲನ್ನೇ ನಂಬಿದವಳಲ್ಲವೇ?

ಇಂತಿ,
ಸ್ವಂತ ಅಕ್ಕನನ್ನೂ ನಂಬಿಸಲಾಗದ ನಟ
ಬಂಡೆಪ್ಪ, ಹಿಂದವಾಡಿ, ಬೆಳಗಾವಿ