ಪೇಮಾಳ ತಮ್ಮ ಒಡೆಯರಪಾಳ್ಯಕ್ಕೆ ಬಂದ

ಅವ್ವಾ,

ಹನೂರಿನ ನಮ್ಮ ಮನೆ ಜಗುಲಿಯ ಮೇಲೆ ಸ್ವೆಟರ್ ಗಂಟು ಇಳಿಸಿ, ಬಿಸಿಲಲ್ಲೂ ನಡುಗುತ್ತ ಕುಳಿತಿದ್ದ ಟಿಬೆಟಿನ ಹೆಂಗಸು ಪೇಮಾ ನಿನಗೆ ನೆನಪಿರಬೇಕು. ಬೈಲಕುಪ್ಪೆಯ ಕ್ಯಾಂಪಿನಿಂದ ವ್ಯಾಪಾರಕ್ಕೆ ಬಂದವಳು. ಮೈ ಸುಡುತ್ತಿತ್ತು. ನೀನು ಒಳಗೆ ಕರೆದು ಚಾಪೆ ಹಾಸಿದೆ. ಯಾರು, ಏನು ಅಂತ ಒಂದು ಮಾತೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ಪೊಲೀಸ್ ಪೇದೆ ಬಂದದ್ದೂ ನೆನಪಿದೆ. ಆಗ ಟಿಬೆಟಿನವರು ಕ್ಯಾಂಪು ಬಿಟ್ಟು ಹೊರಡಲು ಅಪ್ಪಣೆ ಬೇಕಿತ್ತು. ಪೇಮಾಳ ಪರ್ಮಿಟ್ ಮುಗಿದಿತ್ತು.

"ಇವ್ಳು ಪರದೇಸದೋಳು ಕಣವ್ವ. ಇವತ್ತೇ ಕಳ್ಸ್‌ಬುಡು."

"ನಾನೂ ಕೂತಲ್ಲೇ ಮದ್ರಾಸಿಂದ ಮೈಸೂರಿಗ್ ಬಂದೋಳು ಸಾ. ನನ್ನನ್ಯಾರೂ ಚೀಟಿ ಕೇಳ್ನಿಲ್ವಲ್ಲ? ಜ್ವರ ಬುಡ್ಲಿ, ಓಯ್ತಾಳೆ."

ನಮ್ಮ ತಾಲ್ಲೂಕು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು ನಿನಗೆ ಪ್ರಯೋಜನಕ್ಕೆ ಬಂದದ್ದು ಅದೊಂದೇ ಸಲ. ಪೇದೆ ನಗಲಿಲ್ಲ. ಆದರೂ ಅವಳನ್ನು ಬಿಟ್ಟು ಹೋದ.

ಜ್ವರ ಇಳಿಯುತ್ತಿದ್ದಾಗ ಅವಳು ತನ್ನ ತಮ್ಮ ನೊರ್ಬುವಿನ ಸುದ್ದಿ ಹೇಳಿದಳು. ಅವನು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೆಲಸಕ್ಕಿದ್ದ. ಕ್ಯಾಂಪಿನಲ್ಲಿ ಜಾಗವಿಲ್ಲ, ಸೇರಿಸಿಕೊಳ್ಳುವುದಿಲ್ಲ ಎಂದಿದ್ದರಂತೆ. "ಬೆಟ್ಟ ದಾಟಿದ್ದು ಜೊತೆ. ಇಲ್ಲಿ ಬಂದು ಬೇರೆ," ಅಂದಳು. ನೀನು ಅವಳ ತಲೆಗೆ ಎಣ್ಣೆ ಹಚ್ಚಿದೆ.

ನೀನು ತೀರಿಕೊಂಡ ಮೇಲೆ ಸರ್ಕಾರದ ಧೋರಣೆ ಬದಲಾಯಿತು. ಮೊದಲು ಟಿಬೆಟಿನವರು ಇಂದೋ ನಾಳೆಯೋ ಹಿಂದಿರುಗುವ ಅತಿಥಿಗಳಾಗಿದ್ದರು. ಹಿಂದಿರುಗುವ ದಾರಿ ಕಾಣದಾದಾಗ ನೆಲವನ್ನೇ ಗುತ್ತಿಗೆಗೆ ಕೊಟ್ಟರು. ನಮ್ಮೂರಿನ ಹತ್ತಿರದ ಒಡೆಯರಪಾಳ್ಯದ ಕಾಡು ಕಡಿದು, ಉತ್ತರದ ರಸ್ತೆ ಕೆಲಸದವರನ್ನು ಕರೆತಂದು ಮನೆ, ಹೊಲ ಕೊಟ್ಟರು. "ನಮ್ಗ್ಯಾಕಿಲ್ಲ?" ಎಂದು ನಮ್ಮೂರಿನ ಕೂಲಿಯವರು ಕೇಳಿದರು. ನೀನಿದ್ದಿದ್ದರೆ ಅವರಿಗೆ ಏನು ಹೇಳುತ್ತಿದ್ದೆಯೋ.

ಕಳೆದ ಸಂತೆಯ ದಿನ ಪೇಮಾ ಬಂದಳು. ಜೊತೆಗೆ ಬಿಸಿಲಿಗೆ ಕಂದಿದ ಮುಖದ ಗಂಡಸು: ನೊರ್ಬು. "ಅವ್ವ ಎಲ್ಲಿ?" ಅಂದಳು. ಹೇಳಿದೆ. ನೀನು ಚಾಪೆ ಹಾಸಿದ್ದ ಜಾಗಕ್ಕೆ ಹೋಗಿ ನೆಲ ಮುಟ್ಟಿ ನಮಸ್ಕರಿಸಿದಳು. ಈಗ ಅಕ್ಕ, ತಮ್ಮ, ಅವನ ಹೆಂಡತಿ ಒಡೆಯರಪಾಳ್ಯದ ಒಂದೇ ಮನೆಯಲ್ಲಿದ್ದಾರೆ. ಮುಸುಕಿನ ಜೋಳ ಬಿತ್ತಿದ್ದಾರೆ.

ಮೊನ್ನೆ ನೊರ್ಬುವಿನ ಹೆಂಡತಿಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ಮಾಡಿಸಲು ಹೋದವಳು ನಿನ್ನ ಸೊಸೆ. ಆ ಮಗುವನ್ನೂ ಪರದೇಶದವಳೆಂದೇ ಬರೆಸಬೇಕಂತೆ. "ಇಲ್ಲೇ ಉಟ್ಟಿದ್ದು ಪರದೇಸಿ ಎಂಗಾದದು?" ಎಂದು ಇವಳು ನನ್ನನ್ನು ಕೇಳಿದಳು. ಮಗುವಿಗೆ ಬಟ್ಟೆ ಸುತ್ತುತ್ತಿದ್ದ ಪೇಮಾ ತಲೆಯೆತ್ತದೆ ಹೇಳಿದಳು:

"ಯಾರ್ ಕೇಳಿದ್ರೂ ಅನೂರ್ನೋಳು ಅನ್ನು."

ಹಾಗೆಯೇ ಹೇಳುತ್ತೇವೆ, ಅವ್ವ.

ನಿನ್ನ ಮಗ,
ಮಾದೇವ